ಟವೆಲ್ ಕೆಳಗಿನ ಬೆರಳು

"ಬುಡದಿಂದ ಸೀಳಬ್ಯಾಡೋ, ತುದಿಯಿಂದ ಸೀಳು. ಇದ್ದ ಬಿದಿರೆಲ್ಲಾ ಹಾಳ ಮಾಡ್ತಿ."

ಮಗ ಮಾಂತುವಿನ ಕೈಯಿಂದ ಕುಡಗೋಲು ಕಸಿದುಕೊಂಡು ಸಾವಂತ್ರವ್ವ ಸೊಸೈಟಿಯ ಪಾರ್ಕಿಂಗಿನಲ್ಲಿ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಸ್ಕೂಟರುಗಳ ನಡುವೆ ನಿಂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲೆ ಎರಡನೇ ಮಹಡಿಯ ಮನೆಯಲ್ಲಿ ಅವಳ ಗಂಡ ಅಪ್ಪಾಸಾಹೇಬನ ಹೆಣ ಗೋಡೆಗೆ ಒರಗಿ ಕೂತಿತ್ತು. ಗಂಡ ಸತ್ತ ದಿನ ಹೆಂಡತಿ ಕೆಳಗಿಳಿದು ಬಂದು ಬಿದಿರು ಸೀಳುವುದನ್ನು ಪುಣೆಯ ಕೋಥರೂಡದ ಯಾವ ಬಿಲ್ಡಿಂಗಿನಲ್ಲೂ ಯಾರೂ ಕಂಡಿರಲಿಲ್ಲ.

"ಸಾವಂತ್ರಿ, ಗಂಡಸರು ಯಾರೂ ಉಳದಿಲ್ಲೇನು? ಮ್ಯಾಲ ಹೋಗು," ಎಂದ ಶಂಕ್ರೆಪ್ಪ. ಅಪ್ಪಾಸಾಹೇಬನ ಅಣ್ಣ, ಇಂದಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟವನು. ಫೋನು ಮುಟ್ಟಿದ ಕೂಡಲೇ ಸಿಕ್ಕ ಜೀಪು ಹತ್ತಿ ಬಂದಿದ್ದ.

"ಉಳದಾರ್ರೀ ಭಾವಾರ. ಉಳದವರಿಗೆ ಬಿದಿರ ಸೀಳಾಕ ಬರೂದಿಲ್ಲ."

ಅವಳು ಅತ್ತಿರಲಿಲ್ಲ ಎಂದಲ್ಲ. ಬೆಳಗ್ಗೆ ಗ್ಯಾಲರಿಯಲ್ಲಿ, ನಾಯಿಯ ಪಕ್ಕ, ಗೋಡೆಗೆ ಒರಗಿ ಕೂತಿದ್ದ ಗಂಡನಿಗೆ ಚಹಾ ಕೊಡಲು ಹೋದಾಗ ಕಪ್ಪು ಹಿಡಿಯಲು ಕೈ ಮುಂದೆ ಬರಲಿಲ್ಲ. ಆಗ ಸೊಸೆ ತ್ರಿವೇಣಿ ಹೆದರಿಕೊಳ್ಳುವಷ್ಟು ಅತ್ತಿದ್ದಳು. ಎದೆ ನಿಂತುಹೋಗಿದೆ ಎಂದು ಡಾಕ್ಟರು ಹೇಳಿಹೋದ ಮೇಲೆ ಎದ್ದು ಮುಖ ತೊಳೆದುಕೊಂಡಳು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂಡಿಸಿಯೇ ಬಿದಿರಿನ ವಿಮಾನದಲ್ಲಿ ಒಯ್ದು, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅಪ್ಪಾಸಾಹೇಬ ಕೂತಲ್ಲೇ ಹೋಗಿದ್ದ. ಬದುಕಿದಷ್ಟು ದಿನ ಯಾರಿಗೂ ತೊಂದರೆ ಕೊಡದ ಮನುಷ್ಯ, ಸತ್ತ ಮೇಲೂ ಜನರಿಗೆ ಕೂಡಿಸುವ ಕೆಲಸವೊಂದನ್ನು ತಪ್ಪಿಸಿದ್ದ.

ಬಿದಿರಿನ ದಬ್ಬೆಗಳನ್ನು ಮಗನ ಮುಂದೆ ಹಾಕಿ ಸಾವಂತ್ರವ್ವ ಮೆಟ್ಟಿಲು ಹತ್ತಿದಳು. ಹಿಂದೆಯೇ ಶಂಕ್ರೆಪ್ಪ ಬಂದ. ಪಡಸಾಲೆಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿ, ಶಾಲು ಹೊದಿಸಿ ಹೆಣ ಕೂಡಿಸಿದ್ದರು. ಅದರ ಕಾಲ ಬುಡದಲ್ಲಿ ಮೋತ್ಯಾ ಮಲಗಿತ್ತು. ಕರುವಿನಷ್ಟು ಎತ್ತರದ ಅಲ್ಸೇಶಿಯನ್. ಬಲ ಮುಂಗಾಲು ಮಣಿಕಟ್ಟಿನ ಮೇಲೆ ಬಾತು ಬೆಲ್ಲದ ಅಚ್ಚಿನಷ್ಟು ದಪ್ಪಗಾಗಿತ್ತು. ಬೆಳಗ್ಗೆ ಗ್ಯಾಲರಿಯಿಂದ ಹೆಣದ ಹಿಂದೆಯೇ ಕುಂಟುತ್ತ ಬಂದು ಮಲಗಿದ್ದು, ಆಮೇಲೆ ಅಲ್ಲಿಂದ ಕದಲಿರಲಿಲ್ಲ.

"ಮೊದಲ ಈ ನಾಯಿ ಹೊರಗ ಹಾಕ್ರಿ. ಅಯ್ಯನವರು ಬರೂ ಹೊತ್ತಾತು," ಎಂದ ಶಂಕ್ರೆಪ್ಪ.

"ಮಲಗಲಿ ಬಿಡ್ರಿ. ಎದ್ದರ ಅದಕ ಕಾಲ ನೋಯ್ತದ."

"ಹಂಗಾದ್ರ ಇವತ್ತ ಅದರದೂ ಒಂದು ಹಾದಿ ನೋಡಿಬಿಡು. ಸಾಕಿದಾಂವ ಹ್ವಾದ. ಇನ್ನ ಅದನ್ನ ಯಾರು ನೋಡವರು? ಒಂದು ಸೂಜಿ ಹಾಕಿಸಿದ್ರ ಅದಕ್ಕೂ ಸುಖ, ನಿಮಗೂ ಸುಖ."

ಮಾತಿಗೆ ಮಾತು ಕೊಡದೆ ಬಿಟ್ಟವಳೇ ಅಲ್ಲ ಸಾವಂತ್ರವ್ವ. ಆದರೆ ಈ ಮಾತಿಗೆ ಉತ್ತರ ಕೊಡಬೇಕಾದದ್ದು ಶಂಕ್ರೆಪ್ಪನಿಗಲ್ಲ, ಗೋಡೆಗೆ ಒರಗಿ ಕೂತವನಿಗೆ. ಅವನಿಗೆ ನಿನ್ನೆ ರಾತ್ರಿ "ನಾಳೆ ಹೇಳ್ತೀನಿ" ಅಂದಿದ್ದಳು.

*

ಅಪ್ಪಾಸಾಹೇಬ ಜಮಖಂಡಿ ಕಡೆಯವನು. ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ಕೂದಲು ಬೆಳ್ಳಗೆ ಮಾಡಿಕೊಂಡ. ಅಲ್ಲಿ ಬೆಲ್ಲದ ದರ ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ದರ ಗೊತ್ತು ಮಾಡುತ್ತಿದ್ದರು. ಸುತ್ತ ನಿಂತವರಿಗೆ ಇಬ್ಬರ ಮುಖ ನೋಡಿ ಏನೂ ತಿಳಿಯುತ್ತಿರಲಿಲ್ಲ. ಒಪ್ಪಿಗೆಯಾಯಿತೋ, ಅಂಗೈಗೆ ಅಂಗೈ ಒಮ್ಮೆ ಗಟ್ಟಿಯಾಗಿ ಒತ್ತಿ ಟವೆಲ್ ಎತ್ತಬೇಕು. ಆಮೇಲೆ ಮಾತು ತಿರುಗಿಸುವ ಹಾಗಿಲ್ಲ.

ಹೊಸದಾಗಿ ಮದುವೆಯಾಗಿ ಬಂದಾಗ ಸಾವಂತ್ರವ್ವ ಇದ್ದದ್ದು ಚಾಳಿನ ಎರಡು ಕೋಣೆಯ ಮನೆಯಲ್ಲಿ. ಅತ್ತೆ, ಮಾವ, ಆಗಿನ್ನೂ ಇಂದಾಪುರಕ್ಕೆ ಹೋಗಿರದ ಭಾವ ಎಲ್ಲರೂ ಅಲ್ಲೇ. ಗಂಡಹೆಂಡತಿ ಎದುರುಬದುರು ನಿಂತು ಮಾತಾಡಲಿಕ್ಕೆ ಮೂಲೆ ಇರಲಿಲ್ಲ. ಒಂದು ರವಿವಾರ ಅಪ್ಪಾಸಾಹೇಬ ಹೆಂಡತಿ ಬಿಡಿಸುತ್ತಿದ್ದ ಅವರೆಕಾಯಿಯ ಮೊರದ ಪಕ್ಕ ಕೂತು, ಹೆಗಲ ಟವೆಲ್ ತೆಗೆದು ಅವಳ ಕೈ ಮೇಲೆ ಹಾಸಿ, ಕೆಳಗಿನಿಂದ ಅವಳ ತೋರುಬೆರಳು ಹಿಡಿದ. ಮೆಲ್ಲಗೆ, "ಇದು ಸಾರಸಬಾಗದ ತ್ವಾಟ," ಅಂದ. ಎರಡು ಬೆರಳು ಹಿಡಿದು, "ಇದು ಸಿನೆಮಾ," ಅಂದ. ಅವಳು ಅವನ ಎರಡು ಬೆರಳು ಹಿಡಿದು ಅಂಗೈ ಒತ್ತಿದಳು. ಅತ್ತೆ ಎದುರಿಗೇ ಕೂತು ಅಕ್ಕಿ ಆರಿಸುತ್ತಿದ್ದಳು.

ಅಲ್ಲಿಂದ ಮುಂದೆ ಆ ಮನೆಯ ದೊಡ್ಡ ವಿಚಾರವೆಲ್ಲ ಟವೆಲ್ ಕೆಳಗೇ ನಡೆಯಿತು. ಮಾಂತುವನ್ನು ಐಟಿಐಗೆ ಹಾಕುವುದೋ ಕಾಲೇಜಿಗೋ. ಫ್ಲ್ಯಾಟು ಕೋಥರೂಡದಲ್ಲೋ ಹಡಪಸರದಲ್ಲೋ. ಬಾಯಲ್ಲಿ ಸಾವಂತ್ರವ್ವನ ಮುಂದೆ ನಿಲ್ಲುವುದು ಯಾರಿಂದಲೂ ಆಗದ ಮಾತು. ಟವೆಲ್ ಕೆಳಗೆ ಮಾತ್ರ ಇಬ್ಬರೂ ಸಮ. ಇಬ್ಬರೂ ಒಪ್ಪುವವರೆಗೆ ಯಾರೂ ಅಂಗೈ ಒತ್ತುತ್ತಿರಲಿಲ್ಲ.

ಮೋತ್ಯಾನನ್ನು ತಂದದ್ದೂ ಹಾಗೆಯೇ. ಅಂಗಡಿಯ ಮಾಲೀಕ ಮನೆ ಬದಲಿಸುವಾಗ ಬಿಟ್ಟುಹೋದ ಮರಿ. ಅದು ಬೆಲ್ಲದ ಚೂರು ತಿಂದು ಬೆಳೆದು, ರಾತ್ರಿ ಅಪ್ಪಾಸಾಹೇಬನ ಮಂಚದ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿತ್ತು. ಮಂಚದ ಮೇಲೆ ಯಜಮಾನನ ಗೊರಕೆ, ಕೆಳಗೆ ನಾಯಿಯದು. ಯಜಮಾನನ ಗೊರಕೆಗೆ ಒಂದು ಚಾಳಿ ಇತ್ತು: ನಡುವೆ ಗಪ್ಪನೆ ನಿಂತು, ಇನ್ನೇನು ಉಸಿರೇ ಇಲ್ಲ ಅನ್ನುವಾಗ ಮತ್ತೆ ಸುರುವಾಗುತ್ತಿತ್ತು. ನಾಯಿ ಅದನ್ನೂ ಕಲಿತಿತ್ತು. ಪಕ್ಕದ ಮನೆಯ ದೇವಧರ ಕಾಕಾ, "ನಿಮ್ಮಲ್ಲಿ ಎರಡು ಹಿಟ್ಟಿನ ಗಿರಣಿ ಇವೆ," ಎಂದು ನಗುತ್ತಿದ್ದರು.

*

ಕ್ರಿಯೆ ಮಾಡಿಸುವ ಅಯ್ಯನವರು ಬಂದರು. ಕೆಳಗೆ ವಿಮಾನ ಸಿದ್ಧವಾಯಿತು. ಹೆಣ ಎತ್ತಬೇಕೆಂದರೆ ನಾಯಿ ಅಡ್ಡ. ಸಾವಂತ್ರವ್ವ ಒಳಗೆ ವಿಭೂತಿ ಗಟ್ಟಿ ತರಲು ಹೋಗಿದ್ದಾಗ ಶಂಕ್ರೆಪ್ಪ ಮಾಂತುವಿಗೆ ಕಣ್ಸನ್ನೆ ಮಾಡಿದ.

"ಗ್ಯಾಲರ್ಯಾಗ ಕಟ್ಟಿ ಬಾ."

ಮಾಂತು ಕೊರಳಪಟ್ಟಿ ಹಿಡಿದು ಮೆಲ್ಲಗೇ ಎಳೆದ. ಮೋತ್ಯಾ ಹಲ್ಲು ತೋರಿಸಲಿಲ್ಲ, ಬೊಗಳಲಿಲ್ಲ. ಗ್ಯಾಲರಿಯ ಹೊಸ್ತಿಲಿನಲ್ಲಿ ಮಾತ್ರ ಹೋಗಲಾರೆನೆಂದು ಮುಂಗಾಲು ಊರಿ ಹಿಂದಕ್ಕೆ ಜಗ್ಗಿತು. ಒಣ ಕಟ್ಟಿಗೆ ಮುರಿದಂಥ ಸದ್ದು ಪಡಸಾಲೆಯ ತುಂಬ ಕೇಳಿಸಿತು. ಆಮೇಲೆ ಬಂದದ್ದು ಮೋತ್ಯಾನ ಕೂಗು. ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿದರು.

ಸಾವಂತ್ರವ್ವ ಓಡಿ ಬಂದಾಗ ಮಗ ಬಿಳಿಚಿಕೊಂಡು ನಿಂತಿದ್ದ. "ಅವ್ವ, ನಾ ಜೋರಾಗಿ ಎಳೀಲಿಲ್ಲವ್ವ."

ಅವಳು ನೆಲಕ್ಕೆ ಕೂತು ನಾಯಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಎರಡು ಬೆರಳಿನಿಂದ ಕಾಲು ಸವರಿದಳು. "ನೀ ಮುರದಿಲ್ಲೋ ತಮ್ಮಾ. ಒಳಗಿನ ಬ್ಯಾನಿ ಎಲುಬ ತಿಂದು ಮುಗಿಸಿತ್ತು. ಹೋಗು, ನಾಯಿ ಡಾಕ್ಟರ್ ಬಾಯಿ ಅವರಿಗೆ ಫೋನ್ ಹಚ್ಚು. ಕಾಲ ಮುರೀತು, ಬೇಗ ಬರ್ರಿ ಅನ್ನು."

"ಹಂಗ ಸೂಜೀನೂ ತರಾಕ ಹೇಳು," ಎಂದ ಶಂಕ್ರೆಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆ ಕೂಗು ಕೇಳಲಾಗದ ಸಂಕಟವಿತ್ತು. ಅಲ್ಲಿದ್ದವರಿಗೆಲ್ಲ ಅದೇ ಸರಿ ಅನಿಸಿತು. ಸಾವಂತ್ರವ್ವ ನಾಯಿಯ ತಲೆ ಸವರುತ್ತ ಕೂತಳು.

*

ಶ್ರಾವಣದಲ್ಲಿ ಮೋತ್ಯಾ ಕುಂಟತೊಡಗಿದಾಗ ಅವಳೇ ಕಾಲು ಮುಟ್ಟಿ ನೋಡಿ, "ಉಳುಕ್ಯದ," ಅಂದಿದ್ದಳು. ಆ ಮನೆಯಲ್ಲಿ ಅವಳ ಮಾತಿಗೆ ತೂಕವಿತ್ತು. ತಂದೆ ಕಾಡಪ್ಪ ಎಲುಬು ಕೂಡಿಸುವುದರಲ್ಲಿ ಸುತ್ತಲಿನ ಹಳ್ಳಿಗೆಲ್ಲ ಹೆಸರಾದವನು. ದವಾಖಾನೆಯಲ್ಲಿ ಕೈಕಾಲು ಕತ್ತರಿಸಬೇಕು ಅಂದವರನ್ನು ಗಾಡಿಯಲ್ಲಿ ಹಾಕಿಕೊಂಡು ಅವನ ಅಂಗಳಕ್ಕೆ ತರುತ್ತಿದ್ದರು. ಬಿದಿರು ದಬ್ಬೆ ಹೆರೆದು ಕೊಡುವ ಕೆಲಸ ಮಗಳದು. ನೋಡಿ ನೋಡಿ ಆ ಕೈ ಅವಳಿಗೂ ಬಂದಿತ್ತು. ಬಿಲ್ಡಿಂಗಿನಲ್ಲಿ ಯಾರ ಮಣಿಕಟ್ಟು ಉಳುಕಿದರೂ ಅವಳ ಹತ್ತಿರವೇ ಬರುತ್ತಿದ್ದರು. ಉದ್ದಿನಹಿಟ್ಟು ಕಲಸಿ ಹಚ್ಚಿ, ದಬ್ಬೆ ಇಟ್ಟು ಮೋತ್ಯಾನ ಕಾಲಿಗೆ ಕಟ್ಟಿದಳು. ಬಿಚ್ಚಿ ಕಟ್ಟಿದಳು, ಮತ್ತೆ ಬಿಚ್ಚಿ ಕಟ್ಟಿದಳು. ಗಣಪತಿ ಬಂದು ಹೋದ. ಬಾವು ಇಳಿಯಲಿಲ್ಲ, ನಾಯಿ ರಾತ್ರಿ ಮಲಗುವುದನ್ನು ಬಿಟ್ಟಿತು.

ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ನಾಯಿ ಡಾಕ್ಟರು ಕೇತಕರ ಕರ್ವೆ ರಸ್ತೆಯ ಹಿಂದಿನ ಓಣಿಯಲ್ಲಿದ್ದರು. ನಡುವಯಸ್ಸಿನ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿ ಮಾತಾಡುವವರು. ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮಣಿಕಟ್ಟಿನ ಮೇಲೆ ಎಲುಬು ಗೆದ್ದಲು ತಿಂದ ಬಾಗಿಲಚೌಕಟ್ಟಿನ ಹಾಗಿತ್ತು. ಸಾವಂತ್ರವ್ವ ಬಗ್ಗಿ ನೋಡಿದಳು.

"ಇದು ಕಟ್ಟು ಹಾಕೂ ಎಲುಬಲ್ಲ," ಎಂದಳು ಗಂಡನಿಗೆ. "ನಾ ತಪ್ಪ ತಿಳದೆ."

"ಎಲುಬಿನ ಕ್ಯಾನ್ಸರ್," ಎಂದರು ಡಾಕ್ಟರು ಮರಾಠಿಯಲ್ಲಿ. "ದೊಡ್ಡ ಜಾತಿಯ ನಾಯಿಗಳಿಗೆ ಬರುತ್ತದೆ. ಪೂರ್ತಿ ಗುಣವಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ."

ಅಪ್ಪಾಸಾಹೇಬ ಮಾರ್ಕೆಟ್ಟಿನಲ್ಲಿ ಮಾಲು ಕೇಳುವ ಧಾಟಿಯಲ್ಲೇ ದಾರಿ ಎಷ್ಟಿವೆ ಎಂದು ಕೇಳಿದ. ಡಾಕ್ಟರು ಒಂದೊಂದಾಗಿ ಹೇಳಿದರು. ಕಾಲನ್ನು ಹೆಗಲಿನಿಂದಲೇ ತೆಗೆದು, ಗಾಯ ಮಾಗಿದ ಮೇಲೆ ಆಗಾಗ ಸಲೈನಿನಲ್ಲಿ ಕ್ಯಾನ್ಸರಿನ ಔಷಧ ಕೊಡುವುದು ಒಂದು; ಆಗ ವರ್ಷದ ಹತ್ತಿರ ಬದುಕಬಹುದು, ಅದೃಷ್ಟ ಇದ್ದರೆ ಇನ್ನೂ ಹೆಚ್ಚು. ಔಷಧ ಬೇಡವೆಂದರೆ ಕಾಲು ಮಾತ್ರ ತೆಗೆಯುವುದು ಎರಡನೆಯದು. ಬದುಕುವುದು ಕೆಲವೇ ತಿಂಗಳು, ಆದರೆ ಕಾಲಿನ ನೋವಿರುವುದಿಲ್ಲ. ಕಾಲು ತೆಗೆಯುವುದೇ ಬೇಡವೆಂದರೆ ಮೂರನೆಯದು, ನೋವಿನ ಗುಳಿಗೆ. ಅವು ಬಹಳ ದಿನ ಸಾಲುವುದಿಲ್ಲ, ಎಲುಬು ಎಂದಾದರೂ ಮುರಿಯುತ್ತದೆ. ಹೊರದೇಶದಲ್ಲಿ ಕಿರಣ ಕೊಟ್ಟು ನೋವು ಇಳಿಸುತ್ತಾರಂತೆ, ಇಲ್ಲಿ ನಾಯಿಗಳಿಗೆ ಆ ಸೌಕರ್ಯವಿಲ್ಲ. ಏನೂ ಬೇಡವೆಂದರೆ ನಿದ್ದೆಯ ಸೂಜಿ, ಅದೇ ಕೊನೆಯದು.

"ಇದರಾಗ ಅದು ಮೊದಲಿನ ಹಂಗ ಗೊರಕಿ ಹೊಡದು ಮಲಗೂ ದಾರಿ ಯಾವುದ್ರಿ?" ಅಪ್ಪಾಸಾಹೇಬ ಕನ್ನಡದಲ್ಲೇ ಕೇಳಿಬಿಟ್ಟ. ಆಮೇಲೆ ಎಚ್ಚರವಾಗಿ ಮರಾಠಿಯಲ್ಲಿ ಹೇಳಿದ.

ಡಾಕ್ಟರು ನಗಲಿಲ್ಲ. "ನೋವೆಲ್ಲ ಆ ಕಾಲಿನಲ್ಲೇ ಇದೆ. ಕಾಲು ಹೋದರೆ ಆ ನೋವೂ ಹೋಗುತ್ತದೆ. ಮೂರು ಕಾಲಿನ ಮೇಲೆ ಓಡಾಡುವುದನ್ನು ನಾಯಿಗಳು ಬೇಗ ಕಲಿಯುತ್ತವೆ. ಮೂರೇ ಕಾಲು ಎಂದು ದುಃಖಪಡುವವರು ನಾವು. ಎದೆಯ ಎಕ್ಸ್‌ರೇ ಸದ್ಯಕ್ಕೆ ಸ್ವಚ್ಛ ಇದೆ, ತಡ ಮಾಡಬೇಡಿ."

ಬೆಂಚಿನ ಮೇಲೆ ಕೂತು ಅಪ್ಪಾಸಾಹೇಬ ಟವೆಲ್ ಹಾಸಿದ. ಕೆಳಗೆ ಅವಳ ಒಂದೇ ಬೆರಳು ಹಿಡಿದ: ಡಾಕ್ಟರು ಹೇಳಿದ ಒಂದನೇ ದಾರಿ. ಅವಳು ಅವನ ಮೂರು ಬೆರಳು ಹಿಡಿದಳು: ಕಾಲು ಇರಲಿ, ಗುಳಿಗೆ ಸಾಕು. ಅವನು ಮತ್ತೆ ಒಂದು ಹಿಡಿದ. ಅವಳು ಮೂರು ಬಿಡಲಿಲ್ಲ.

"ಕೂಡಿಸೂ ಮನಿ ನಮ್ಮದು," ಎಂದಳು ಹೊರಗೆ ಬಂದ ಮೇಲೆ. "ಕತ್ತರಸೂ ಮನಿ ಅಲ್ಲ. ನಮ್ಮಪ್ಪ ಒಬ್ಬರದೂ ಬೆರಳ ಸೈತ ಕತ್ತರಸಾಕ ಬಿಟ್ಟಾಂವಲ್ಲ. ಸಾಯೂ ಜೀವದ ಕಾಲ ಕಡದು ನಾವೇನ ಗಳಸೋಣ?"

"ಆತು. ನೀ ಒತ್ತೂತನಕ ನಾ ಒತ್ತೂದಿಲ್ಲ," ಎಂದ ಅಪ್ಪಾಸಾಹೇಬ. ಅಷ್ಟೇ. ಜಗಳವಾಡುವ ಗಂಡನಾಗಿದ್ದರೆ ಅವಳಿಗೆ ಗೆಲ್ಲುವುದು ಸುಲಭವಿತ್ತು.

ಅಂದಿನಿಂದ ಮಂಚ ಖಾಲಿ. ನಾಯಿಗೆ ನಿದ್ದೆಯಿಲ್ಲ, ಅದರ ಪಕ್ಕ ಗ್ಯಾಲರಿಯಲ್ಲಿ ಕೂತ ಇವನಿಗೂ ಇಲ್ಲ. ಗೊರಕೆಯಿಲ್ಲದ ಮನೆಯಲ್ಲಿ ಸಾವಂತ್ರವ್ವನಿಗೂ ನಿದ್ದೆ ಹತ್ತಲಿಲ್ಲ. ದಿನಾ ಊಟ ಮುಗಿಸಿ ಗ್ಯಾಲರಿಗೆ ಹೋಗುವ ಮುಂಚೆ ಅವನು ಟವೆಲ್ ಹಾಸಿ ಕೈ ಇಡುತ್ತಿದ್ದ. ಅವನದು ಒಂದು, ಅವಳದು ಮೂರು. ದಸರೆ ಕಳೆಯಿತು, ಗುಳಿಗೆ ಹೆಚ್ಚಿದವು, ನರಳುವುದು ನಿಲ್ಲಲಿಲ್ಲ. ನಿನ್ನೆ ರಾತ್ರಿ ಅವಳು ಮೂರು ಬೆರಳು ಹಿಡಿಯಲಿಲ್ಲ. ಕೈ ಅವನ ಕೈಯಲ್ಲಿ ಹಾಗೇ ಬಿಟ್ಟು, "ನಾಳೆ ಹೇಳ್ತೀನಿ," ಅಂದಳು.

*

ಕೇತಕರ ಡಾಕ್ಟರು ಬಂದರು. ಅವರು ಚಪ್ಪಲಿ ಬಿಟ್ಟು, ಅಪ್ಪಾಸಾಹೇಬನಿಗೆ ಕೈ ಮುಗಿದು, ನಾಯಿಯ ಹತ್ತಿರ ಕೂತು ಮೊದಲು ನೋವಿನ ಇಂಜೆಕ್ಷನ್ ಕೊಟ್ಟರು.

"ಇನ್ನು ಗುಳಿಗೆಯ ದಾರಿ ಮುಗಿಯಿತು, ಕಾಕು," ಎಂದರು, ಸಾವಂತ್ರವ್ವನನ್ನು ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆಯುತ್ತ. "ಈ ಎಲುಬು ಕೂಡುವುದಿಲ್ಲ. ಸೂಜಿ ಕೊಡುವುದಾದರೆ ಈಗಲೇ ಕೊಡುತ್ತೇನೆ, ಅದು ತಪ್ಪಲ್ಲ. ಕಾಲು ತೆಗೆಯುವುದಾದರೆ ಅದೂ ಇವತ್ತೇ ಆಗಬೇಕು; ಮೊದಲು ಎದೆ ಇನ್ನೊಮ್ಮೆ ನೋಡುತ್ತೇನೆ. ನೀವು ಯಾವುದು ಹೇಳಿದರೂ ನನಗೆ ಒಪ್ಪಿಗೆ."

"ಸೂಜಿ ಹಾಕ್ರಿ," ಎಂದ ಶಂಕ್ರೆಪ್ಪ. "ಸಾವಂತ್ರಿ, ಹೂಂ ಅನ್ನು. ಹೆಣಾ ಕಾಯಾಕ ಹತ್ಯದ."

ಸಾವಂತ್ರವ್ವ ಎದ್ದಳು. ಗೂಟಕ್ಕೆ ತೂಗುಬಿದ್ದಿದ್ದ ಗಂಡನ ಟವೆಲ್ ತೆಗೆದುಕೊಂಡಳು. ಅಂಚು ಸವೆದ, ಬೆಲ್ಲದ ವಾಸನೆ ಬಿಡದ ಟವೆಲ್. ಹೆಣದ ಪಕ್ಕ ಕೂತು ಅದನ್ನು ಅವನ ಬಲಗೈ ಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದಳು. ಬೆರಳು ತಣ್ಣಗೆ ಸೆಟೆದಿದ್ದವು. ನೋಡುವವರು ಗಂಡನ ಕೈ ಹಿಡಿದು ಅಳುತ್ತಾಳೆ ಅಂದುಕೊಂಡರು. ಅವಳು ಅವನ ತೋರುಬೆರಳು ಹುಡುಕಿ ಅದೊಂದನ್ನೇ ಹಿಡಿದಳು. ಬಿಡದೆ ಹಿಡಿದಳು. ಆಮೇಲೆ ಅಂಗೈಗೆ ಅಂಗೈ ಒತ್ತಿದಳು, ಒಂದು ದಿನ ತಡವಾಗಿ. ಟವೆಲ್ ಎತ್ತಿದಳು.

"ಡಾಕ್ಟರ್ ಬಾಯಿ, ಕಾಲ ತಗೀರಿ. ಗಾಯ ಮಾಗಿದ ಮ್ಯಾಲ ಔಷಧಾನೂ ಕೊಡ್ರಿ. ಒಂದನೇ ದಾರಿ." ಅದನ್ನೇ ಮರಾಠಿಯಲ್ಲೂ ಹೇಳಿದಳು.

"ನಾಯಿಗೆ ಇಷ್ಟ್ಯಾಕ ಸಾವಂತ್ರಿ?"

"ನಿಮ್ಮ ತಮ್ಮ ಹೇಳ್ಯಾರ್ರಿ ಭಾವಾರ."

"ಯಾವಾಗ?"

"ನಾ ಕೇಳಿದ್ದ ಈಗ."

ಶಂಕ್ರೆಪ್ಪ ಟವೆಲ್ ನೋಡಿದ, ತಮ್ಮನ ಕೈ ನೋಡಿದ. ಅವನೂ ಕಿರಾಣಿ ವ್ಯಾಪಾರದವನು, ಮಾರ್ಕೆಟ್ ಯಾರ್ಡಿನಲ್ಲಿ ಓಡಾಡಿದವನು. ಎತ್ತಿದ ಟವೆಲ್ಲಿನ ಮಾತು ತಿರುಗುವುದಿಲ್ಲ ಎಂದು ಬಲ್ಲವನು.

"ಮಾಂತು, ಕೆಳಗ ಉಳದ ಬಿದಿರ ದಬ್ಬಿ ತಾ. ತೆಳ್ಳಗಿನವು," ಎಂದಳು ಸಾವಂತ್ರವ್ವ. ಅವನು ತಂದ ದಬ್ಬೆಗಳನ್ನು ಅಳತೆಗೆ ಮುರಿದು, ಅಂಚು ಹೆರೆದಳು. ಟವೆಲ್ಲಿನ ತುದಿ ಹಲ್ಲಿನಲ್ಲಿ ಕಚ್ಚಿ ಉದ್ದಕ್ಕೆ ಹರಿದಳು. ಎರಡನೇ ಪಟ್ಟಿ ಹರಿಯುವಾಗ ತ್ರಿವೇಣಿಗೆ ತಡೆಯಲಾಗಲಿಲ್ಲ.

"ಅತ್ತಿ, ಮಾವಾರ ಟವೆಲ್ ಅದು."

"ಅದರ ಕೆಲಸ ಮುಗೀತವ್ವ."

ವಿಮಾನಕ್ಕೆ ಸೀಳಿದ ಬಿದಿರಿನ ದಬ್ಬೆಯನ್ನು ಮುರಿದ ಕಾಲಿನ ಎರಡೂ ಮಗ್ಗುಲಿಗೆ ಇಟ್ಟು, ಟವೆಲ್ಲಿನ ಪಟ್ಟಿ ಸುತ್ತಿ ಗಂಟು ಹಾಕಿದಳು. ಕಾಡಪ್ಪನ ಮಗಳು ಕೂಡಿಸಲಿಕ್ಕಲ್ಲದೆ ಕಟ್ಟಿದ ಕಟ್ಟು ಅದೊಂದೇ. ದಾರಿಯಲ್ಲಿ ಎಲುಬು ಅಲುಗಬಾರದು, ಅಷ್ಟೇ. ಇಂಜೆಕ್ಷನ್ ಏರಿ ಮೋತ್ಯಾ ಕಣ್ಣು ಅರೆಮುಚ್ಚಿತ್ತು. ಅವಳ ಮಣಿಕಟ್ಟನ್ನು ಒಮ್ಮೆ ನೆಕ್ಕಿತು.

ಒಂದೇ ಬಾಗಿಲಿನಿಂದ ಇಬ್ಬರೂ ಹೊರಟರು. ಕಂಬಳಿಯಲ್ಲಿ ಮೋತ್ಯಾನನ್ನು ಡಾಕ್ಟರ ವ್ಯಾನಿಗೆ ಇಳಿಸಿದರು, ತ್ರಿವೇಣಿ ಜೊತೆಗೆ ಹತ್ತಿದಳು. ವಿಮಾನದಲ್ಲಿ ಕೂತ ಅಪ್ಪಾಸಾಹೇಬನನ್ನು ಹೆಗಲಿಗೆ ಎತ್ತಿದರು, ಸಾವಂತ್ರವ್ವ ಜೊತೆಗೆ ನಡೆದಳು. ಗೇಟಿನಲ್ಲಿ ವ್ಯಾನು ಎಡಕ್ಕೆ ಹೋಯಿತು, ವಿಮಾನ ಬಲಕ್ಕೆ. ಕುಣಿಯಲ್ಲಿ ಗಂಡನನ್ನು ಕೂಡಿಸಿ, ಬಿಲ್ವಪತ್ರಿ ಸುರಿದು, ಮಣ್ಣು ಹಾಕುವಾಗ ಅವಳು ಮತ್ತೆ ಬಾಯಿಬಿಟ್ಟು ಅತ್ತಳು.

*

ಸಂಜೆ ಮಣ್ಣಿಗೆ ಹೋಗಿ ಬಂದವರೆಲ್ಲ ಸ್ನಾನ ಮಾಡಿ ಪಡಸಾಲೆಯಲ್ಲಿ ಕೂತಿದ್ದರು. ಹೆಣ ಕೂಡಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ದೇವಧರ ಕಾಕಾನ ಮನೆಯಿಂದ ಝುಣಕ ಭಾಕರಿ ಬಂದಿತ್ತು. ಒಬ್ಬರೂ ತಟ್ಟೆಗೆ ಕೈ ಹಾಕಿರಲಿಲ್ಲ.

ಕೆಳಗೆ ವ್ಯಾನ್ ನಿಂತಿತು. ಇಳಿದು ಹೋದ ಮಾಂತು, ಡಾಕ್ಟರ ಕಂಪೌಂಡರ್ ಇಬ್ಬರೂ ಕಂಬಳಿಯ ನಾಲ್ಕು ಮೂಲೆ ಹಿಡಿದು ಮೋತ್ಯಾನನ್ನು ಮೇಲೆ ತಂದರು. ಬಲ ಹೆಗಲಿದ್ದಲ್ಲಿ ಬಿಳಿ ಪಟ್ಟಿ, ಅದರ ಕೆಳಗೆ ಏನೂ ಇಲ್ಲ. ಹಿಂದಿನಿಂದ ತ್ರಿವೇಣಿ, ಡಾಕ್ಟರು ಬಂದರು.

"ಎದೆ ಇನ್ನೂ ಸ್ವಚ್ಛ ಇದೆ. ಟೇಬಲ್ ಮೇಲೆ ಹಾಕಿದಾಗಲೂ ನಿಮ್ಮ ಕಟ್ಟು ಒಂದಿಷ್ಟೂ ಸಡಿಲಾಗಿರಲಿಲ್ಲ, ಕಾಕು," ಎಂದರು.

"ಎಲ್ಲಿ ಇಡೂದವ್ವ?" ಎಂದ ಮಾಂತು.

ಸಾವಂತ್ರವ್ವ ಜಾಗ ತೋರಿಸುವ ಮೊದಲೇ ಶಂಕ್ರೆಪ್ಪ ಎದ್ದು ಹಣತೆಯನ್ನು ಗಾಳಿಯಾಡದ ಹಾಗೆ ಗೋಡೆಯ ಕಡೆ ಒಂದು ಗೇಣು ಸರಿಸಿದ. ಅಲ್ಲೇ ಕಂಬಳಿ ಇಳಿಸಿದರು. ಡಾಕ್ಟರು ಗುಳಿಗೆ ಕೊಟ್ಟು, ನಾಳೆ ಬರುತ್ತೇನೆ ಎಂದು ಹೋದರು.

ಸ್ವಲ್ಪ ಹೊತ್ತಿಗೆ ಆ ಮೂಲೆಯಿಂದ ಸಣ್ಣಗೆ ಸದ್ದು ಬಂತು. ಬರಬರುತ್ತ ಅದು ದಪ್ಪಗಾಯಿತು. ತ್ರಿವೇಣಿ ಬೆಚ್ಚಿ ಅತ್ತೆಯನ್ನು ನೋಡಿದಳು. ಮಾಂತು ಮುಖ ತಿರುಗಿಸಿಕೊಂಡ. ಶಂಕ್ರೆಪ್ಪ ಮುರಿಯಲು ಎತ್ತಿಕೊಂಡ ಭಾಕರಿ ಕೈಯಲ್ಲೇ ಉಳಿಯಿತು. ತಮ್ಮನ ಪಕ್ಕ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವನಿಗೆ ಆ ಸದ್ದಿನ ಗುರುತು ಹತ್ತದೆ ಇರುತ್ತದೆಯೇ? ಗಿರಣಿ ನಡೆದೇ ಇತ್ತು. ನಡೆದು ನಡೆದು ಗಪ್ಪನೆ ನಿಂತಿತು.

ಸಾವಂತ್ರವ್ವ ಸೆರಗಿನ ಕೆಳಗೆ ತನ್ನ ತೋರುಬೆರಳನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗೊರಕೆ ಮತ್ತೆ ಸುರುವಾಯಿತು. ಅವಳು ತಟ್ಟೆಯನ್ನು ಭಾವನ ಕಡೆ ಸರಿಸಿ, ಮೆಲ್ಲಗೆ, ಮಲಗಿದವರನ್ನು ಎಬ್ಬಿಸದ ದನಿಯಲ್ಲಿ, "ಉಣ್ರಿ," ಎಂದಳು.